ಚಹಾ, ನಿದ್ದೆ, ಮಾತು: ರಾಯಚೂರು ಸೀಮೆಯ ಮಕ್ಕಳು ಮನೆಯಲ್ಲಿ ಕಳೆಯುವ ಹೊತ್ತು

ಬೆಳಗಿನ ಆರೂವರೆಯ ಹೊತ್ತು. ಲಿಂಗಸೂಗೂರು ತಾಲ್ಲೂಕಿನ ಒಂದು ಹಳ್ಳಿ, ಮಣ್ಣಿನ ಮಾಳಿಗೆಯ ಮನೆ. ಏಳಕ್ಕೆ ಕೂಲಿಯವರ ಟಂಟಂ ಬರುವುದರೊಳಗೆ ಬುತ್ತಿ ಕಟ್ಟಬೇಕಾದ ತಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಾಳೆ. ಐದನೆಯ ತರಗತಿಯ ಮಗಳು ನೀರಿನ ಕೊಡ ಇಳಿಸಿ ಬಂದು, ಗೋಡೆಗೆ ಒರಗಿ, ಸ್ಟೀಲ್ ಲೋಟದ ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದಾಳೆ. ಒಂದು ತುಂಡು ಮುರಿದು ತಳಕ್ಕೆ ಬಿದ್ದಾಗ ಬೆರಳಿನಿಂದಲೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ‘ರೊಟ್ಟಿ ಉಂಡು ಹೋಗಬೇ’ ಎನ್ನುತ್ತಾಳೆ ತಾಯಿ, ಬಡಿಯುವ ಕೈ ನಿಲ್ಲಿಸದೆ. ‘ಆಮ್ಯಾಲ ತಿಂತೀನಿ’ ಎಂಬ ಉತ್ತರ ಬರುತ್ತದೆ. ಆ ‘ಆಮ್ಯಾಲ’ ಬರುವ ಹೊತ್ತಿಗೆ ತಾಯಿ ಹೊಲದಲ್ಲಿರುತ್ತಾಳೆ, ರೊಟ್ಟಿ ಬುಟ್ಟಿಯಲ್ಲೇ ಮುಚ್ಚಿರುತ್ತದೆ, ಮಗಳು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತಿರುತ್ತಾಳೆ.

ಇದನ್ನು ತಾಯಿಯ ನಿರ್ಲಕ್ಷ್ಯವೆಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ಅವಳು ರೊಟ್ಟಿ ಮಾಡಿದ್ದಾಳೆ, ಉಣ್ಣಲು ಹೇಳಿಯೂ ಇದ್ದಾಳೆ. ಇಲ್ಲಿ ಸರಿಹೊಂದದೆ ಇರುವುದು ಹೊತ್ತು ಮಾತ್ರ. ಮಕ್ಕಳ ಆರೋಗ್ಯ ಮತ್ತು ಮನಸ್ಸಿನ ಬೆಳವಣಿಗೆಯ ಬಗ್ಗೆ ಪಾಲಕರ ಸಭೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಹರಿದಾಡುವ ಉಪದೇಶಗಳೆಲ್ಲ ತಂದೆ-ತಾಯಿ ಇಬ್ಬರೂ ಸಂಜೆ ಆರಕ್ಕೆ ಮನೆಗೆ ಬರುವ, ಮಕ್ಕಳಿಗೆ ಬೇರೆ ಕೋಣೆಯಿರುವ ಕುಟುಂಬವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂತಿರುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಬಹುಪಾಲು ಮನೆಗಳ ಗಡಿಯಾರವೇ ಬೇರೆ. ಕೂಲಿಯ ಹೊತ್ತು, ನಳದಲ್ಲಿ ನೀರು ಬರುವ ಹೊತ್ತು, ಕಾಲುವೆಗೆ ನೀರು ಬಿಡುವ ಹೊತ್ತು, ಗುಳೆ ಹೋಗುವ ತಿಂಗಳು, ಇವುಗಳ ನಡುವೆ ಉಳಿದ ಬಿರುಕಿನಲ್ಲಿ ಇಲ್ಲಿ ಮಕ್ಕಳು ಬೆಳೆಯುತ್ತಾರೆ. ಆದ್ದರಿಂದ ಯಾವ ಅಭ್ಯಾಸ ಒಳ್ಳೆಯದು ಎಂಬುದಕ್ಕಿಂತ, ಈ ಮನೆಯಲ್ಲಿ ಪ್ರತಿದಿನ ಹೇಗೂ ನಡೆಯುವ ಯಾವ ಕೆಲಸಕ್ಕೆ ಅದನ್ನು ಗಂಟು ಹಾಕಬಹುದು ಎಂಬ ಪ್ರಶ್ನೆ ಹೆಚ್ಚು ಉಪಯೋಗದ್ದು. ಹಾಗೆ ಗಂಟು ಹಾಕದ ಅಭ್ಯಾಸ ನಾಲ್ಕು ದಿನ ನಡೆದು ನಿಲ್ಲುತ್ತದೆ.

ಶಾಲೆ ತನ್ನ ಪಾಲನ್ನು ಸಾಕಷ್ಟು ಹೆಚ್ಚಿಸಿಕೊಂಡಿದೆ. ರಾಜ್ಯದಲ್ಲಿ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಆರಂಭವಾದದ್ದೇ ಈ ಈಶಾನ್ಯ ಭಾಗದ ಜಿಲ್ಲೆಗಳಿಂದ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ, ಬಾಳೆಹಣ್ಣಿನ ಪ್ರಯೋಗ ನಡೆದಾಗಲೂ ಮೊದಲು ಆಯ್ಕೆಯಾದದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ 2024ರ ಸೆಪ್ಟೆಂಬರಿನಲ್ಲಿ ಅದು ವಾರದ ಆರು ದಿನಕ್ಕೆ ವಿಸ್ತರಿಸಿತು. ಇಷ್ಟಾದರೂ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟಕ್ಕೆ ಕನಿಷ್ಠ 220 ಶಾಲಾ ದಿನಗಳು. ದಿನಕ್ಕೆ ಮೂರು ಹೊತ್ತಿನಂತೆ ವರ್ಷಕ್ಕೆ 1095 ಊಟಗಳಾದರೆ, ಅವುಗಳಲ್ಲಿ ಶಾಲೆಯ ಬಿಸಿಯೂಟ ಸುಮಾರು 220. ಅಂದರೆ ಐದು ಊಟದಲ್ಲಿ ಒಂದು. ಉಳಿದ ನಾಲ್ಕು, ಹಾಗೆಯೇ ಎಲ್ಲ ನಿದ್ದೆ ಮತ್ತು ಬಹುಪಾಲು ಮಾತು ಮನೆಯದ್ದೇ.

ಈ ನಾಲ್ಕರಲ್ಲಿ ಬೆಳಗಿನದ್ದು ನಮ್ಮ ಕಡೆ ಅತ್ಯಂತ ದುರ್ಬಲವಾದ ಕೊಂಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅಂಗನವಾಡಿ ವಯಸ್ಸಿನ ಅಂಕಿಯೆಂದು ಇದನ್ನು ಪಕ್ಕಕ್ಕಿಡುವಂತಿಲ್ಲ. ಅಂದು ಅಳತೆಗೆ ಸಿಕ್ಕ ಮಕ್ಕಳೇ ಈಗ ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಐದರಿಂದ ಹನ್ನೊಂದು ವರ್ಷದ ಮಗುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.5 ಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರಕ್ತಹೀನತೆ ಎನ್ನುತ್ತದೆ. ಮನೆಯವರಿಗೆ ಅದು ಕಾಣುವುದು ಬೇರೆ ಹೆಸರುಗಳಲ್ಲಿ: ‘ಆಲಸಿ’, ‘ಪುಸ್ತಕ ಹಿಡಿದರೆ ನಿದ್ದಿ’, ‘ತಲಿ ಓಡಂಗಿಲ್ಲ’. ಮೈಯಲ್ಲಿ ಕಬ್ಬಿಣವಿಲ್ಲದ ಮಗುವಿಗೆ ಸ್ವಭಾವದ ಹಣೆಪಟ್ಟಿ ಹಚ್ಚುವ ಈ ರೂಢಿ, ನನ್ನ ದೃಷ್ಟಿಯಲ್ಲಿ, ಕೊರತೆಗಿಂತಲೂ ಹೆಚ್ಚು ಕೆಡುಕು ಮಾಡುತ್ತದೆ.

ಚಹಾದ ಪಾತ್ರ ಇಲ್ಲಿ ಎರಡು ಬಗೆಯದು. ಸಕ್ಕರೆ ಮತ್ತು ಬಿಸ್ಕೀಟಿನ ಮೈದಾದಿಂದ ಅದು ಹಸಿವನ್ನು ಕೊಲ್ಲುತ್ತದೆ. ರೊಟ್ಟಿಯ ಜೊತೆಗೇ ಕುಡಿದರೆ ಅದರಲ್ಲಿರುವ ಟ್ಯಾನಿನ್ ಮುಂತಾದ ಅಂಶಗಳು ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕಟ್ಟಿಹಾಕಿ, ಮೈ ಹೀರಿಕೊಳ್ಳುವ ಪ್ರಮಾಣವನ್ನು ಬಹುಮಟ್ಟಿಗೆ ಕುಗ್ಗಿಸುತ್ತವೆ. ನಡುವೆ ಒಂದು ತಾಸಿನ ಅಂತರವಿದ್ದರೂ ಈ ಹಾನಿ ಕಡಿಮೆಯಾಗುತ್ತದೆ. ಚಹಾ ಬಿಡಿಸುವುದು ಕಷ್ಟ, ನಿಜ. ಬಂದವರ ಕೈಗೆ ಚಹಾ ಕೊಡದೆ ಕಳಿಸುವ ಮನೆ ನಮ್ಮಲ್ಲಿಲ್ಲ. ಆದರೆ ಕ್ರಮ ಬದಲಿಸುವುದು ಸಾಧ್ಯ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಬುತ್ತಿಗಲ್ಲ, ಮಗುವಿನ ತಾಟಿಗೆ ಎಂದು ನಿಶ್ಚಯಿಸಿದರೆ ಹೆಚ್ಚಿನ ಹೊತ್ತೂ ಬೇಡ, ಹೆಚ್ಚಿನ ಖರ್ಚೂ ಇಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಅಥವಾ ಗುರೆಳ್ಳು ಪುಡಿ, ಒಂದಿಷ್ಟು ಮೊಸರು. ಪುಂಡಿ ಪಲ್ಯವೋ ಹಸಿ ಹಕ್ಕರಿಕೆಯೋ ಇದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿದ್ದರೆ, ಅದರ ‘ಸಿ’ ಜೀವಸತ್ವ ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳಲು ನೆರವಾಗುತ್ತದೆ. ಉತ್ತರ ಕರ್ನಾಟಕದ ತಾಟಿನಲ್ಲಿ ಹಸಿ ಸೊಪ್ಪಿನ ಪಕ್ಕ ನಿಂಬೆಹೋಳು ಇಡುವ ಪದ್ಧತಿ ಹಳೆಯದು. ಮಕ್ಕಳ ತಾಟಿಗೆ ಮಾತ್ರ ಅದು ಬರುತ್ತಿಲ್ಲ.

ತುಂಗಭದ್ರೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಯ ಊಟವೂ ರೊಟ್ಟಿಯಿಂದ ಅನ್ನಕ್ಕೆ ಬದಲಾಗಿದೆ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ರೊಟ್ಟಿಗೆ ತಾಸು ಬೇಕು, ಅನ್ನಕ್ಕೆ ಕುಕ್ಕರಿನ ಮೂರು ಸೀಟಿ ಸಾಕು. ಕೂಲಿಗೆ ಹೋಗಿ ಬಂದ ಹೆಂಗಸು ರಾತ್ರಿ ಅನ್ನವನ್ನೇ ಆರಿಸಿದರೆ ಅವಳನ್ನು ದೂರಲು ಬಾಯಿ ಬರುವುದಿಲ್ಲ. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಕಟಿ ಸಜ್ಜೆ ರೊಟ್ಟಿಯನ್ನು ವಾರಗಟ್ಟಲೆ ಇಟ್ಟುಕೊಳ್ಳುವ ಪದ್ಧತಿಯೇ ಇದಕ್ಕೆ ನಮ್ಮ ಹಿಂದಿನವರು ಕಂಡುಕೊಂಡಿದ್ದ ಉಪಾಯ. ಒಂದು ದಿನ ಕುಳಿತು ಬಡಿದರೆ ಎಂಟು ದಿನ ಮಕ್ಕಳ ಕೈಗೆ ಸಿಗುತ್ತದೆ, ಬಿಸ್ಕೀಟಿನ ಜಾಗದಲ್ಲಿ ಕುಳಿತುಕೊಳ್ಳುತ್ತದೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಸಣ್ಣ ಮಕ್ಕಳಿಗೆ ಗುಲಾಬಿ, ಹತ್ತು ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಮರುದಿನ ಮಲ ಕಪ್ಪಾಗುತ್ತದೆ. ಮಗು ಹೆದರಿ ಮುಂದಿನ ವಾರ ಗುಳಿಗೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತದೆ. ಊಟವಾದ ಮೇಲೆ ನುಂಗು, ಮಲ ಕಪ್ಪಾದರೆ ಹೆದರಬೇಡ ಎಂದು ಮನೆಯಲ್ಲಿ ಒಬ್ಬರು ಹೇಳಿದ್ದರೆ ಆ ಎಸೆತ ತಪ್ಪುತ್ತದೆ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳುವಿನ ಮಾತ್ರೆಯೂ ಹೀಗೆಯೇ. ಅದರ ಜೊತೆಗೆ ಕಾಲಿಗೆ ಚಪ್ಪಲಿ, ಊಟಕ್ಕೆ ಮುಂಚೆ ಸಾಬೂನು. ಇವೆಲ್ಲ ಎಲ್ಲರಿಗೂ ತಿಳಿದದ್ದೇ.

ಅಷ್ಟಾಗಿ ತಿಳಿಯದೆ ಇರುವುದು ನೀರಿನ ಸಂಗತಿ. ರಾಯಚೂರು, ಕೊಪ್ಪಳ, ಬಳ್ಳಾರಿಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ, ಸುಮಾರು ಎಂಟು ವರ್ಷದೊಳಗಿನ ಅವಧಿಯಲ್ಲಿ ಒಳಗೆ ಹೋದ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಕಲೆಯಾಗಿ ಉಳಿಯುತ್ತದೆ, ತಿಕ್ಕಿದರೆ ಹೋಗುವುದಿಲ್ಲ. ಹದಿಮೂರರ ಹುಡುಗಿಯೊಬ್ಬಳು ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ಈ ಭಾಗದ ಯಾವ ಶಿಕ್ಷಕರಾದರೂ ಕಂಡಿರುತ್ತಾರೆ. ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎಂದು ನಾವು ಎಳೆಯುವ ಗೆರೆ ಆ ಅಂಗೈಯ ಹತ್ತಿರ ಅಳಿಸಿಹೋಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಇಟ್ಟು, ಅನ್ನ, ಬೇಳೆ, ಚಹಾಕ್ಕೆ ಬೋರಿನ ನೀರನ್ನೇ ಬಳಸುವುದು ಬಹಳ ಮನೆಗಳ ರೂಢಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಚಹಾ ಎಲೆಯಲ್ಲೇ ಒಂದಿಷ್ಟು ಫ್ಲೋರೈಡ್ ಇರುವುದು ಇನ್ನೊಂದು ತೊಡಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅಡುಗೆಗೂ ಘಟಕದ ನೀರನ್ನೇ ಬಳಸಬೇಕು, ದಿನಕ್ಕೆ ಇನ್ನೊಂದು ಕ್ಯಾನು ತಂದರೂ ಸರಿ.

ನಿದ್ದೆಯ ವಿಷಯಕ್ಕೆ ಬಂದರೆ ಮೊದಲಿನ ಹುಡುಗಿಯನ್ನೇ ನೋಡಬಹುದು. ನಳದ ಸರದಿಗಾಗಿ ಬೆಳಗ್ಗೆ ಐದೂವರೆಗೆ ಎದ್ದಿದ್ದಾಳೆ. ಹಿಂದಿನ ರಾತ್ರಿ ಟಿ.ವಿ.ಯ ಕೊನೆಯ ಧಾರಾವಾಹಿ ಮುಗಿದದ್ದು ಹತ್ತೂವರೆಗೆ, ದೀಪ ಆರಿದ್ದು ಹನ್ನೊಂದಕ್ಕೆ. ಅಲ್ಲಿಗೆ ಆರೂವರೆ ತಾಸು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ತಾಸು ನಿದ್ದೆ ಬೇಕೆಂದು 2016ರಲ್ಲಿ ಅಮೆರಿಕದ ನಿದ್ರಾತಜ್ಞರ ಅಕಾಡೆಮಿ ಹೇಳಿದ್ದು, ಅದನ್ನೇ ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದರ ಪ್ರಕಾರ ಈ ಹುಡುಗಿ ಪ್ರತಿದಿನ ಎರಡೂವರೆ ತಾಸಿನ ಸಾಲಗಾರಳು. ವಾರಕ್ಕೆ ಹದಿನೇಳೂವರೆ ತಾಸು, ಅಂದರೆ ಹತ್ತಿರಹತ್ತಿರ ಎರಡು ಪೂರ್ತಿ ರಾತ್ರಿಯಷ್ಟು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಕ್ಕಳು ಹಲವು ಸಲ ಅದಕ್ಕೆ ವಿರುದ್ಧವಾಗಿ ಹಟ, ಸಿಡುಕು, ಓಡಾಟ ತೋರಿಸುತ್ತಾರೆ. ಆ ಹಟಕ್ಕೆ ಏಟು ಬೀಳುತ್ತದೆ, ಏಟು ತಿಂದ ಮಗು ಇನ್ನಷ್ಟು ತಡವಾಗಿ ಮಲಗುತ್ತದೆ.

‘ಮಕ್ಕಳನ್ನು ಒಂಬತ್ತಕ್ಕೆ ಮಲಗಿಸಿ’ ಎಂಬ ಸಲಹೆ ಒಂದೇ ಕೋಣೆಯ ಮನೆಯಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಅಲ್ಲಿ ಮಗುವಿನ ನಿದ್ದೆ ಮಗುವಿನ ನಿರ್ಧಾರವಲ್ಲ, ಮನೆಯದ್ದು. ಟಿ.ವಿ. ಆಫ್ ಮಾಡಿ ಎಂದು ಹೇಳುವ ಮೊದಲು ಆ ಧಾರಾವಾಹಿ ತಾಯಿಗೆ ದಿನದಲ್ಲಿ ಸಿಗುವ ಏಕೈಕ ಬಿಡುವು ಎಂಬುದನ್ನೂ ನೆನೆಯಬೇಕು. ಕೆಲವು ಮನೆಗಳಲ್ಲಿ ನಾನು ಕಂಡ ಉಪಾಯ ಸರಳವಾದದ್ದು. ಮಕ್ಕಳ ಹಾಸಿಗೆಯನ್ನು ಪಡಸಾಲೆಗೆ ಅಥವಾ ಅಜ್ಜಿಯ ಮಗ್ಗುಲಿಗೆ ಸಾಗಿಸಿ, ಒಳಗೆ ಟಿ.ವಿ.ಯ ಸದ್ದು ಇಳಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಷ್ಟು ಬಿಸಿಲಿರುವ ಸೀಮೆ ನಮ್ಮದು. ಮಾಳಿಗೆಯ ಮೇಲೆ ಮಲಗುವ ಆ ದಿನಗಳಲ್ಲಿ ನಡುರಾತ್ರಿಯವರೆಗೆ ಸೆಕೆ ಆರುವುದಿಲ್ಲ. ಆಗ ಮಧ್ಯಾಹ್ನದ ಒಂದು ತಾಸಿನ ನಿದ್ದೆಯನ್ನು ಸೋಮಾರಿತನವೆಂದು ಎಬ್ಬಿಸಬಾರದು. ನೀರಿನ ಸರದಿಗೆ ಪ್ರತಿದಿನ ಹುಡುಗಿಯೇ ಏಳಬೇಕೆ, ಅಣ್ಣನೂ ಏಳಬಹುದೇ ಎಂಬುದು ಈ ಲೆಕ್ಕದಲ್ಲಿ ಕೇಳಲೇಬೇಕಾದ ಪ್ರಶ್ನೆ.

ಇನ್ನು ಮಾತು. ರಾತ್ರಿ ಊಟದ ಹೊತ್ತಿಗೆ ಮನೆಗಳಲ್ಲಿ ಕೇಳಿಬರುವ ಸಂಭಾಷಣೆ ಹೆಚ್ಚಾಗಿ ಇಷ್ಟೇ. ‘ಇವತ್ತ ಸಾಲ್ಯಾಗ ಏನ್ ಕಲಿಸಿದ್ರು?’ ‘ಏನಿಲ್ಲ.’ ಪರೀಕ್ಷೆಯ ಧಾಟಿಯ ಪ್ರಶ್ನೆಗೆ ಪರೀಕ್ಷೆಯ ಧಾಟಿಯ ಉತ್ತರ. ಮಕ್ಕಳು ಭಾಷೆ ಮತ್ತು ಯೋಚನೆ ಬೆಳೆಸಿಕೊಳ್ಳುವುದು ಇಂಥ ವಿಚಾರಣೆಯಿಂದಲ್ಲ, ದೊಡ್ಡವರು ತಮ್ಮ ದಿನದ ಸಂಗತಿಯನ್ನು ಬಿಡಿಸಿ ಹೇಳುವುದನ್ನು ಕೇಳುತ್ತ, ನಡುವೆ ಬಾಯಿ ಹಾಕುತ್ತ. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು ಬೋಸ್ಟನ್ ಸುತ್ತಲಿನ ಕಡಿಮೆ ವರಮಾನದ ಕುಟುಂಬಗಳ ಊಟದ ಹೊತ್ತಿನ ಮಾತನ್ನು ಧ್ವನಿಮುದ್ರಿಸಿ, ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದರು. ಊಟದಲ್ಲಿ ಕಥನ ಮತ್ತು ವಿವರಣೆ ಹೆಚ್ಚು ನಡೆದ ಮನೆಗಳ ಮಕ್ಕಳ ಶಬ್ದಸಂಪತ್ತು ಮುಂದೆ ಹೆಚ್ಚಿತ್ತು. ನಮಗೆ ಇದರಲ್ಲಿ ಮುಖ್ಯವಾದದ್ದು, ಅವು ಬಡ ಮನೆಗಳಾಗಿದ್ದವು ಎಂಬ ಸಂಗತಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ಉದ್ದಕ್ಕೂ ಪ್ರತಿ ಮನೆಯಲ್ಲೂ ಅದೇ ಮಾತು. ಆ ವಾರ ಮಕ್ಕಳು ಕೇಳುತ್ತಿದ್ದ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಗೇಟು ಹೆಂಗ ಹೋತು? ನೀರು ಹೋದರೆ ಎರಡನೇ ಬೆಳಿಗೆ ಏನು ಮಾಡ್ತಾರ? ಹರಿಯುವ ನೀರಿಗೆ ಅಡ್ಡ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಕೂರಿಸುವ ಉಕ್ಕಿನ ತಡೆ) ಹೆಂಗ ಇಳಿಸ್ತಾರ? ತಂದೆ ತನಗೆ ತಿಳಿದ ಮಟ್ಟಿಗೆ ತೂಬು, ಗೇಜು, ಕೊನೆಯಂಚಿನ ಹೊಲಕ್ಕೆ ನೀರು ಏಕೆ ತಲುಪುವುದಿಲ್ಲ ಎಂಬುದನ್ನೆಲ್ಲ ವಿವರಿಸಿದ. ವಿಜ್ಞಾನ, ಭೂಗೋಳ, ಅರ್ಥಶಾಸ್ತ್ರ ಮೂರೂ ಆ ತಾಟಿನ ಸುತ್ತ ಇದ್ದವು, ಯಾರೂ ಅದನ್ನು ಪಾಠವೆಂದು ಕರೆಯಲಿಲ್ಲ ಅಷ್ಟೇ. ಅಂಥ ಮಾತಿಗೆ ಗೇಟು ಮುರಿಯಲೇಬೇಕೆಂದಿಲ್ಲ. ಹತ್ತಿಗೆ ಇಂದು ಎಷ್ಟು ದರ ಬಂತು, ಏಕೆ ಇಳಿಯಿತು, ತೂಕದಲ್ಲಿ ದಲಾಲ ಎಷ್ಟು ಕಡಿತ ಮಾಡಿದ ಎಂದು ತಂದೆ ಹೇಳಿದರೆ ಸಾಕು. ಓದು ಬಾರದ ತಂದೆ-ತಾಯಿ ‘ನಮಗೇನು ತಿಳೀತದ’ ಎಂದು ಮಕ್ಕಳ ಕಲಿಕೆಯಿಂದ ದೂರ ನಿಲ್ಲುವುದನ್ನು ನೋಡುವಾಗ ನನಗೆ ಬೇಸರವಾಗುವುದು ಇದಕ್ಕೇ.

ಈ ಮಾತಿನ ಜಾಗಕ್ಕೆ ಈಗ ಮೊಬೈಲು ಬಂದು ಕುಳಿತಿದೆ. ಗ್ರಾಮೀಣ ಭಾರತದ ಮಕ್ಕಳ ಬಗೆಗಿನ 2024ರ ‘ಅಸರ್’ ವರದಿಯಂತೆ 14ರಿಂದ 16 ವರ್ಷದವರಲ್ಲಿ ಶೇ 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಆಸ್ಟ್ರೇಲಿಯ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಜಾಲತಾಣದ ಖಾತೆಗಳನ್ನೇ ನಿರ್ಬಂಧಿಸಿದ ಮೇಲೆ ನಮ್ಮಲ್ಲೂ ‘ಮಕ್ಕಳ ಕೈಗೆ ಮೊಬೈಲು ಬೇಡ’ ಎಂಬ ಮಾತು ಜೋರಾಗಿದೆ. ಆದರೆ ಖಾತೆಯೂ ಫೋನೂ ತಂದೆಯದ್ದೇ ಆಗಿರುವ, ಮನೆಗೊಂದೇ ಮೊಬೈಲು ಇರುವ ಕಡೆ ವಯಸ್ಸಿನ ಕಾನೂನು ಎಷ್ಟು ಮುಟ್ಟೀತು ಎಂಬ ಅನುಮಾನ ನನಗಿದೆ. ಹಂಚಿಕೊಂಡ ಫೋನಿಗೆ ಹಂಚಿಕೊಂಡ ನಿಯಮವೇ ಆಗಬೇಕು. ಊಟದ ತಾಟು ಇಟ್ಟಾಗ ಎಲ್ಲರ ಮೊಬೈಲು ದೇವರ ಗೂಡಿನ ಪಕ್ಕ ಚಾರ್ಜಿಗೆ ಹೋಗಬೇಕು, ತಂದೆಯದ್ದೂ ಸೇರಿ. ತಂದೆಗೆ ವಿನಾಯಿತಿಯಿರುವ ನಿಯಮವನ್ನು ಮಕ್ಕಳು ನಿಯಮವೆಂದು ಒಪ್ಪುವುದಿಲ್ಲ.

ಮೊಬೈಲಿನ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ದೇವದುರ್ಗ, ಲಿಂಗಸೂಗೂರು, ಮಸ್ಕಿ, ಕುಷ್ಟಗಿಯ ಒಣಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಹೈದರಾಬಾದು, ಪುಣೆಗೆ ಗುಳೆ ಹೋಗುವವರ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಆ ಮನೆಗಳಲ್ಲಿ ಮೊಬೈಲೇ ಅವ್ವ. ಸಂಜೆ ಎಂಟಕ್ಕೆ ಕಟ್ಟಡದ ಮಗ್ಗುಲಿನ ತಗಡಿನ ಶೆಡ್ಡಿನಿಂದ ಬರುವ ವಿಡಿಯೊ ಕಾಲಿನಲ್ಲಿ ಎಂಟು ವರ್ಷದ ಹುಡುಗ ತಾಯಿಗೆ ಮೊದಲು ತೋರಿಸುವುದು ಬಿದ್ದ ಹಲ್ಲಿನ ಜಾಗವನ್ನು. ‘ಚೆಂದ ಓದಾಕತ್ತೀಯಿಲ್ಲೋ’ ಎಂದು ತಾಯಿ ಕೇಳಿದೊಡನೆ ಅವನು ಫೋನನ್ನು ಅಜ್ಜಿಯ ಕೈಗೆ ಕೊಟ್ಟು ಎದ್ದುಹೋಗುತ್ತಾನೆ. ಆ ಕರೆಗೆ ನಿಗದಿಯಾದ ಹೊತ್ತಿದ್ದರೆ, ಹಲ್ಲಿನ ಬಗ್ಗೆ ಇನ್ನೆರಡು ಪ್ರಶ್ನೆ ಬಂದರೆ, ಓದಿನ ಪ್ರಶ್ನೆ ಕೊನೆಗೆ ಉಳಿದರೆ ಆ ಹುಡುಗ ಕುಳಿತಿರುತ್ತಾನೆ. ದುಡಿದು ದಣಿದ ತಾಯಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಅವಳ ಕೈಯಲ್ಲಿ ಉಳಿದಿರುವುದು ಆ ಹತ್ತು ನಿಮಿಷವೇ.

ಗುಳೆ ಹೋದವರ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಸಾರಾಸಗಟು ಮಾತನ್ನು ಒಪ್ಪಲು ಆಧಾರವಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ನಡುವಯಸ್ಸಿನವರೆಗೆ ಅಭ್ಯಾಸ ಮಾಡಿದರು. ಬಡತನ, ಮನೆಯ ಕಲಹದಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಸಮರ್ಥರಾಗಿ, ಮತ್ತೊಬ್ಬರ ಕಾಳಜಿ ಮಾಡಬಲ್ಲವರಾಗಿ ಬೆಳೆದಿದ್ದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡದ್ದು ನೆಚ್ಚಿಕೊಳ್ಳಬಹುದಾದ ಒಬ್ಬ ದೊಡ್ಡವರ ಸ್ಥಿರ ಸಾನ್ನಿಧ್ಯ. ಅದು ತಂದೆ-ತಾಯಿಯೇ ಆಗಿರಬೇಕಿರಲಿಲ್ಲ, ಅಜ್ಜಿ, ಅಕ್ಕ, ನೆರೆಯವರು, ಶಿಕ್ಷಕರು ಯಾರಾದರೂ ಆಗಬಹುದಿತ್ತು. ಮನೆಯಲ್ಲಿ ಅವರ ಪಾಲಿಗೆ ನಿಜವಾದ ಹೊಣೆಯಿದ್ದದ್ದು ಇನ್ನೊಂದು. ಹಾಗಾದರೆ ಗುಳೆಯ ಮನೆಗೆ ಬೇಕಾದದ್ದು ಅಜ್ಜಿಯ ಕೈ ಬಲಪಡಿಸುವ ಕ್ರಮ. ಶಾಲೆಯವರು ಪಾಲಕರ ಸಭೆಗೆ ‘ತಂದೆ ಅಥವಾ ತಾಯಿ ಬರತಕ್ಕದ್ದು’ ಎಂದು ಚೀಟಿ ಕಳಿಸುವ ಬದಲು ಅಜ್ಜಿಯನ್ನೇ ಕರೆಯಬೇಕು, ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಸಂಜೆ ಅರಿವು ಕೇಂದ್ರಕ್ಕೆ, ಅಂದರೆ ನಮ್ಮ ಹಳೆಯ ಪಂಚಾಯ್ತಿ ಗ್ರಂಥಾಲಯಕ್ಕೆ, ಮಗುವನ್ನು ಒಯ್ದು ಕೂರಿಸುವುದು ಅಕ್ಷರ ಬಾರದ ಅಜ್ಜಿಯೂ ಮಾಡಬಲ್ಲ ಕೆಲಸ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿನ ಸದಸ್ಯತ್ವ ಉಚಿತ.

ಹೊಣೆಯ ಮಾತು ಬಂದಾಗ ಎಚ್ಚರ ಬೇಕು, ಏಕೆಂದರೆ ನಮ್ಮ ಕಡೆ ಹೊಣೆ ಮತ್ತು ದುಡಿಮೆಯ ನಡುವಿನ ಗೆರೆ ತೆಳುವಾದದ್ದು. ತನ್ನ ತಾಟು ತೊಳೆಯುವುದು, ಕುರಿಮರಿಗೆ ಸೊಪ್ಪು ಹಾಕುವುದು ಹೊಣೆ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ಹೂವಿಗೆ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ, ಮಾಡಲು ಮಕ್ಕಳ ಸಣ್ಣ ಬೆರಳೇ ಚೆಂದ ಎಂದು ಶಾಲೆ ಬಿಡಿಸಿ ಕರೆದೊಯ್ಯುವುದು ದುಡಿಮೆ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದೆ; ಸ್ವಂತ ಕುಟುಂಬದ ಕೆಲಸಕ್ಕೆ ಶಾಲೆಯ ಹೊತ್ತಿನ ಆಚೆ ಕೈ ಜೋಡಿಸಲು ಅವಕಾಶವಿದೆ. ಹೊಣೆಗೆ ಒಳ್ಳೆಯ ಉದಾಹರಣೆ ಬೇಕಾದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಹಿಂದಿನ ವಾರಗಳನ್ನು ನೋಡಬೇಕು. ಮಹಾದಾಸೋಹಕ್ಕೆಂದು ಸುತ್ತಲ ಹಳ್ಳಿಗಳ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತು ರೊಟ್ಟಿ ಬಡಿಯುವಾಗ ಮಕ್ಕಳು ಹಿಟ್ಟು ತಂದುಕೊಡುತ್ತಾರೆ, ಬೆಂದ ರೊಟ್ಟಿಯನ್ನು ಬಟ್ಟೆಯ ಮೇಲೆ ಹರಡುತ್ತಾರೆ, ಎಣಿಸಿ ಚೀಲ ತುಂಬುತ್ತಾರೆ. ಎಣಿಕೆ ತಪ್ಪಿದರೆ ಎಲ್ಲರೂ ನಕ್ಕು ಮತ್ತೆ ಎಣಿಸುತ್ತಾರೆ. ಅಲ್ಲಿ ಗಂಡುಹುಡುಗರೂ ಇರುತ್ತಾರೆ ಎಂಬುದನ್ನು ಗಮನಿಸಬೇಕು. ಮನೆಯೊಳಗೆ ಬಂದರೆ ಕಸಬರಿಗೆ ಅಕ್ಕನ ಕೈಗೇ ಹೋಗುತ್ತದೆ.

‘ಛಡಿ ಚಮ್ ಚಮ್, ವಿದ್ಯೆ ಘಮ್ ಘಮ್’ ಎಂಬ ಮಾತು ಶಾಲೆಗಳಲ್ಲಿ ಈಗ ಕಾನೂನುಬಾಹಿರ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿ ಏಟು ಕಡಿಮೆಯಾದಲ್ಲೂ ಹೋಲಿಕೆ ಹೆಚ್ಚಿದೆ. ಎದುರು ಮನೆಯ ಹುಡುಗನ ಅಂಕ, ಕಾಕಾನ ಮಗಳ ರ‍್ಯಾಂಕು. ಏಟಿನ ನೋವು ಸಂಜೆಗೆ ಆರೀತು, ಹೋಲಿಕೆಯದ್ದು ಆರದು. ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು, ಇದ್ದಕ್ಕಿದ್ದಂತೆ ಮಾತು ಕಡಿಮೆಯಾಗುವುದು, ರಾತ್ರಿ ಬೆಚ್ಚಿ ಏಳುವುದು ವಾರಗಟ್ಟಲೆ ನಡೆದರೆ ಅಂತ್ರ ಕಟ್ಟಿಸಿ ಕೈತೊಳೆದುಕೊಳ್ಳಬಾರದು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ಮೇಲೆ ದೌರ್ಜನ್ಯದ ಅನುಮಾನವಿದ್ದರೆ 1098.

ಈಚಿನ ವರ್ಷಗಳಲ್ಲಿ ಈ ಎಲ್ಲ ಅಭ್ಯಾಸಗಳನ್ನು ಒಂದೇ ಏಟಿಗೆ ತುಂಡರಿಸುತ್ತಿರುವುದು ನವೋದಯ, ಸೈನಿಕ, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಯ ವಸತಿ ಕೋಚಿಂಗ್. ಈ ಶಾಲೆಗಳಿಗೆ ಆರನೆಯ ತರಗತಿಗೆ ಪ್ರವೇಶ. ಒಂದು ನವೋದಯದಲ್ಲಿ ಸೀಟುಗಳು 80. ಅದಕ್ಕಾಗಿ ಒಂಬತ್ತು, ಹತ್ತು ವರ್ಷದ ಮಕ್ಕಳನ್ನು ವರ್ಷಗಟ್ಟಲೆ ಪೇಟೆಯ ಬಾಡಿಗೆ ಕಟ್ಟಡಗಳಲ್ಲಿ ಬಿಡಲಾಗುತ್ತಿದೆ. ತಂದೆ-ತಾಯಿಯ ಆಸೆಯನ್ನು ನಾನು ಹಗುರವಾಗಿ ನೋಡಲಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ವರ್ಷವೂ ಕೆಳಗಿನ ಸಾಲುಗಳಲ್ಲಿ ಕಾಣುವಾಗ, ಸಿಕ್ಕರೆ ಒಂದು ಒಳ್ಳೆಯ ಶಾಲೆ ಸಿಗಲಿ ಎಂದು ಸಾಲ ಮಾಡಿ ಕಳಿಸುವುದು ಅರ್ಥವಾಗುವಂಥದ್ದೇ. ಆದರೆ ಅಲ್ಲಿ ನಲವತ್ತು ಮಕ್ಕಳ ನಡುವೆ ಈ ಮಗು ನಿನ್ನೆ ರಾತ್ರಿ ಉಣ್ಣಲಿಲ್ಲ ಎಂದು ಗಮನಿಸುವವರು ಯಾರು, ಬೆಳಗಿನ ನಾಲ್ಕೂವರೆಯ ಗಂಟೆಗೆ ಎದ್ದ ಮಗು ಎಷ್ಟು ತಾಸು ಮಲಗಿತ್ತು ಎಂಬುದನ್ನು ಶುಲ್ಕ ಕಟ್ಟುವ ಮೊದಲು ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಒಂದು ತಾಸಿನ ಆಟಕ್ಕೆ ಅಲ್ಲಿ ಅಂಗಳವಿದೆಯೇ ಎಂದು ಕಣ್ಣಾರೆ ನೋಡಬೇಕು. ಮನೆಗೆ ಫೋನು ಮಾಡಲು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ತಿಳಿದುಕೊಳ್ಳಬೇಕು. ಊರಿನ ಶಾಲೆಯಲ್ಲೇ ಓದುತ್ತ, ಸಂಜೆ ಒಂದು ತಾಸು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಸೀಟು ಪಡೆದ ಮಕ್ಕಳೂ ಇದ್ದಾರೆ ಎಂಬುದು ಜಾಹೀರಾತಿನ ಫ್ಲೆಕ್ಸುಗಳಲ್ಲಿ ಕಾಣುವುದಿಲ್ಲ.

ತಿಂಗಳ ಎರಡನೆಯ ಭಾನುವಾರ ಇಂಥದೊಂದು ಕೇಂದ್ರದ ಗೇಟಿನ ಮುಂದೆ ನಿಂತಿದ್ದೆ. ಬೇವಿನ ಗಿಡದ ನೆರಳಿನಲ್ಲಿ ಹಳ್ಳಿಗಳಿಂದ ಬಂದ ಕುಟುಂಬಗಳು ಚಾಪೆ ಹಾಸಿ ಬುತ್ತಿ ಬಿಚ್ಚಿದ್ದವು. ಒಬ್ಬ ತಂದೆ ಮಗನ ಟೆಸ್ಟಿನ ಅಂಕಪಟ್ಟಿಯನ್ನು ಹಿಡಿದು ಗಣಿತದಲ್ಲಿ ಹೋದ ಅಂಕಗಳ ಲೆಕ್ಕ ಕೇಳುತ್ತಿದ್ದ. ತಾಯಿ ಏನೂ ಕೇಳದೆ ಶೇಂಗಾ ಹೋಳಿಗೆ ಮುರಿದು ಮಗನ ಕೈಗಿಟ್ಟು, ಅವನ ಅಂಗಿಯ ಕಿತ್ತುಹೋದ ಗುಂಡಿಯನ್ನು ನೋಡಿ, ಸೆರಗಿನ ಅಂಚಿನಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಹಾಕಿದಳು. ಹುಡುಗ ತಂದೆಗೆ ಉತ್ತರ ಹೇಳುತ್ತಲೇ ತಾಯಿಯ ಕಡೆಗೆ ಸರಿದು ಕುಳಿತ.